ಅರಸರ ಅರ್ಧ ಮಾತು

ಎಲ್ಲದಕ್ಕೂ ಮೂಲ ಜಯಮ್ಮ ಆಂಟಿಯ ಸೋಫಾ.

ಅಮೆರಿಕದ ಡೈಮಂಡ್ ಬಾರ್ ಎಂಬ ಊರಿನ ಗುಡ್ಡದ ಮೇಲಿನ ಅವರ ಮನೆಯಲ್ಲಿ ಆ ಸೋಫಾ ಕೆಳಗಿನ ಹಾಲಿನಿಂದ ಮಹಡಿಗೆ ಏರಬೇಕಾಗಿತ್ತು. ಮನೆಯಲ್ಲಿ ಆರಡಿ ಎತ್ತರದ ಮಗ ಅಮೋಘ ಇದ್ದ. ಆದರೆ "ಅವನಿಗೆ ಬೆನ್ನುಗಿನ್ನು ಹಿಡ್ಕೊಂಡ್ರೆ ನೋಡೋರ್ಯಾರು, ನಾನೇ ತಾನೇ?" ಎಂದು ಜಯಮ್ಮ, ಕನ್ನಡ ಸಂಘದಲ್ಲಿ ಪರಿಚಯವಾಗಿದ್ದ ಸುಮುಖನನ್ನು ಸ್ಯಾನ್ ಡಿಯಾಗೋದಿಂದ ಕರೆಸಿದರು. ಸುಮುಖ ಅಲ್ಲಿನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಇಪ್ಪತ್ತೇಳರ ಹುಡುಗ. ಹೆತ್ತವರನ್ನು ಕಂಡವನಲ್ಲ. ತಿಪಟೂರಿನ ಕಡೆಯ ಒಂದು ಅನಾಥಾಶ್ರಮದಲ್ಲಿ ಬೆಳೆದು, ಸ್ಕಾಲರ್‌ಶಿಪ್ ಹಿಡಿದುಕೊಂಡು ಇಲ್ಲಿಯವರೆಗೆ ಬಂದವನು. ಅವನಿಗೆ ಬೆನ್ನು ಹಿಡಿದರೆ ನೋಡುವವರು ಯಾರೂ ಇಲ್ಲವಲ್ಲ, ಹಾಗಾಗಿ ಯಾರಿಗೂ ತೊಂದರೆಯಿಲ್ಲ ಎಂಬುದು ಜಯಮ್ಮನವರ ವಾದ. ಪಾಪ, ಬೆನ್ನು ಹಿಡಿಯಲಿಲ್ಲ. ಕಿಬ್ಬೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ಡಾಕ್ಟರು ನೋಡಿ, ಹರ್ನಿಯಾ, ಆಪರೇಷನ್ ಮಾಡಲೇಬೇಕು ಅಂದರು.

ಆಪರೇಷನ್ನಿಗೆ ಇನ್ಶೂರೆನ್ಸ್ ಇತ್ತು. ಇಲ್ಲದಿದ್ದದ್ದು ಒಂದು ಹೆಸರು. ಆಸ್ಪತ್ರೆಯ ಫಾರಂನಲ್ಲಿ ಎಮರ್ಜೆನ್ಸಿ ಕಾಂಟ್ಯಾಕ್ಟ್ ಎಂದು ಒಂದು ಖಾನೆ. ಆ ದಿನ ಜೊತೆಗೆ ಬಂದು, ಮಂಪರಿನಲ್ಲಿರುವವನನ್ನು ಮನೆಗೆ ಕರೆದುಕೊಂಡು ಹೋಗಿ, ಮಾರನೇ ದಿನದವರೆಗೆ ನೋಡಿಕೊಳ್ಳುವ ಒಬ್ಬರ ಹೆಸರು ಅಲ್ಲಿರಬೇಕು. ಟ್ಯಾಕ್ಸಿಯವನ ಹೆಸರು ನಡೆಯುವುದಿಲ್ಲ. ಬರೆಯಲು ಕಲಿತಾಗಿನಿಂದ ಇಂಥ ಖಾನೆಗಳಲ್ಲೆಲ್ಲ ಸುಮುಖ ಬರೆಯುತ್ತಿದ್ದುದು ಆಶ್ರಮದ ವಾರ್ಡನ್ ವೀರಭದ್ರಪ್ಪನವರ ಹೆಸರು. ಅವರು ಕೊರೋನಾದಲ್ಲಿ ತೀರಿಕೊಂಡಿದ್ದರು. ಈಗ ಯಾರನ್ನು ಕೇಳಿದರೂ ಒಂದೊಂದು ಕತೆ. ರೂಮ್‌ಮೇಟಿಗೆ ಇಂಟರ್‌ವ್ಯೂ, ಲ್ಯಾಬಿನವನಿಗೆ ಹವಾಯಿ. ಆಪರೇಷನ್ ಎರಡು ಸಲ ಮುಂದಕ್ಕೆ ಹೋಯಿತು. ಮೂರನೇ ಸಲ ಕೊಟ್ಟ ದಿನ ಬರುವ ಸೋಮವಾರ. ಶುಕ್ರವಾರ ಸಂಜೆ ಐದರೊಳಗೆ ಹೆಸರು ಕೊಡದಿದ್ದರೆ ಅದೂ ಹೋಯಿತು ಎಂದು ಆಸ್ಪತ್ರೆಯವರು ನಯವಾಗಿಯೇ ಹೇಳಿದ್ದರು.

ಅದೇ ಶುಕ್ರವಾರ ಬೆಳಗಿನ ಆರಕ್ಕೆ ಜಯಮ್ಮನವರ ಫೋನು.

"ಸುಮುಖಾ, ನಿನಗೆ ಅಪ್ಪ, ಅಮ್ಮ ಇಬ್ರೂ ಇಲ್ಲ ಅಲ್ವೇನೋ?"

"ಇಲ್ಲ ಆಂಟಿ."

"ಗ್ಯಾರಂಟಿ ತಾನೇ?"

"ನನಗೆ ತಿಳಿದ ಮಟ್ಟಿಗೆ ಇಲ್ಲ ಆಂಟಿ."

"ಸದ್ಯ! ದೇವರು ದೊಡ್ಡೋನು ಕಣೋ!" ಎಂದು ಜಯಮ್ಮ ಸಂತೋಷದಿಂದ ನಿಟ್ಟುಸಿರುಬಿಟ್ಟರು.

ವಿಷಯ ಇಷ್ಟು. ಜಯಮ್ಮನವರ ಪಕ್ಕದ ಮನೆಯ ಸಿಂಧೂರಳ ತಾಯಿ ಊರಿನಿಂದ ಮಗಳ ಮನೆಗೆಂದು ಬಂದವರು ಇಲ್ಲೇ ತೀರಿಕೊಂಡು ಅಂದಿಗೆ ಹತ್ತನೇ ದಿನ. ಗಂಡುಮಕ್ಕಳಿಲ್ಲ. ಹೋದವರ ಯಜಮಾನರಿಗೆ ಮಂಡಿ ಬಗ್ಗುವುದಿಲ್ಲ, ನೆಲದ ಮೇಲೆ ಕೂತು ಕರ್ಮ ಮಾಡಲಾರರು. ಸಿಂಧೂರ "ನಾನೇ ಮಾಡ್ತೀನಿ" ಅಂದದ್ದಕ್ಕೆ ಜಯಮ್ಮ "ಎಲ್ಲಾದ್ರೂ ಉಂಟೇ!" ಎಂದು ಎರಡೂ ಕೈ ಅಲ್ಲಾಡಿಸಿಬಿಟ್ಟಿದ್ದರು. ಯಜಮಾನರು ದರ್ಭೆ ಕೊಟ್ಟು ಬೇರೊಬ್ಬರ ಕೈಯಲ್ಲಿ ಮಾಡಿಸಬಹುದು. ಆದರೆ ಅಪ್ಪ ಅಮ್ಮ ಬದುಕಿರುವವರು ಇನ್ನೊಬ್ಬರ ಕರ್ಮಕ್ಕೆ ಕೂರಬಾರದು. ಡೈಮಂಡ್ ಬಾರ್‌ನಿಂದ ಪಸಡೀನಾವರೆಗೆ ವಿಚಾರಿಸಿದ್ದಾಯಿತು. ಇಂಜಿನಿಯರುಗಳಿಗೆಲ್ಲ ಅಪ್ಪ ಅಮ್ಮ ಗುಂಡುಕಲ್ಲಿನ ಹಾಗೆ ಇದ್ದಾರೆ, ಆರು ತಿಂಗಳಿಗೊಮ್ಮೆ ಬಂದುಹೋಗುತ್ತಲೂ ಇದ್ದಾರೆ.

"ಯಾರು ಗೊತ್ತೇನೋ ಹೋದವರು? ಮಲ್ಲಿಗೆದುರ್ಗದ ರಾಣಿ! ಯಜಮಾನರು ಇಂದುಧರ ಅರಸು. ರಾಜರು ಕಣೋ, ಪಟ್ಟಾಭಿಷೇಕ ಆಗಿದ್ದ ರಾಜರು! ಬುದ್ಧಿ ಅಂತ ಕರೀಬೇಕು, ಅಂಕಲ್ ಗಿಂಕಲ್ ಅಂದ್ಬಿಟ್ಟೀಯ. ರಾಣಿಯವರು ಕೊನೇ ಸಲ ಖುಷಿಯಾಗಿ ಓಡಾಡಿದ್ದು ನಿಮ್ಮೂರ ಸಮುದ್ರದ ಹತ್ರ, ಅದಕ್ಕೇ ಅಲ್ಲೇ ಮಾಡ್ತಿದೀವಿ. ಪಿಂಡಕ್ಕೆ ಕಾಗೆ ಬರೋ ಜಾಗ ಗೊತ್ತಿದ್ರೆ ಹೇಳು."

"ನಾನು ದಿನಾ ಊಟ ಮಾಡೋ ಬೆಂಚಿನ ಹತ್ರ ಬರುತ್ತೆ ಆಂಟಿ. ಆದರೆ ನನ್ನದೂ ಒಂದು ಫಾರಂ ಇದೆ..." ಎಂದು ಸುಮುಖ ತನ್ನ ಕಷ್ಟ ಹೇಳಿಕೊಂಡ.

"ಅಷ್ಟೇ ತಾನೇ? ಇದೊಂದು ಮಾಡಿಕೊಡು. ಸೋಮವಾರ ನಮ್ಮ ಅಮೋಘನ್ನೇ ಕಳಿಸ್ತೀನಿ!"

ಸುಮುಖ ಫೋನಿಗೇ ಕೈಮುಗಿದ.

ಬೆಂಚಿನ ಹತ್ತಿರ ಬರುತ್ತಿದ್ದ ಕಾಗೆಯ ವಿಷಯ ಮಾತ್ರ ಅವನು ಪೂರ್ತಿ ಹೇಳಲಿಲ್ಲ. ಹೇಳಲು ನಾಚಿಕೆ. ಯೂನಿವರ್ಸಿಟಿಯ ಪಕ್ಕದ ಲಾ ಹೋಯಾದಲ್ಲಿ, ಸಮುದ್ರದ ಮೇಲಿನ ಪಾರ್ಕಿನ ಆ ಬೆಂಚಿನಲ್ಲಿ ಎರಡು ವರ್ಷದಿಂದ ಒಬ್ಬನೇ ಮೊಸರನ್ನ ತಿನ್ನುತ್ತಿದ್ದವನಿಗೆ ಜೊತೆ ಅದೊಂದೇ. ಊರಿನ ಕಾಗೆಗಿಂತ ದಪ್ಪ, ಪೂರ್ತಿ ಕಪ್ಪು, ಉಳಿದ ಕಾಗೆಗಳ ಜೊತೆ ಸೇರುತ್ತಿರಲಿಲ್ಲ. ಸುಮುಖ ಅದಕ್ಕೆ ಏಕನಾಥ ಎಂದು ಹೆಸರಿಟ್ಟಿದ್ದ. ಚಮಚದಿಂದ ಸ್ಟೀಲ್ ಡಬ್ಬಿಗೆ ಟಕ್ ಟಕ್ ಟಕ್ ಎಂದು ಮೂರು ಸಲ ಬಡಿದರೆ ಸಾಕು, ಎಲ್ಲಿದ್ದರೂ ಹಾಜರು. ಬಡಿಯದಿದ್ದರೆ ಊಹೂಂ, ಮರ ಬಿಟ್ಟು ಇಳಿಯದು. ಜನ ಕಂಡರೆ ಅಷ್ಟು ಸಂಕೋಚ ಅದಕ್ಕೆ.

ಹತ್ತೂವರೆಗೆ ಎರಡು ಕಾರು ಬಂದವು. ಒಂದರಿಂದ ಜಯಮ್ಮ, ಆರ್ಟೀಸಿಯಾದ ಇಂಡಿಯನ್ ಅಂಗಡಿಯಲ್ಲಿ ತಂದ ಎಳ್ಳು, ದರ್ಭೆ, ಬಾಳೆಲೆಗಳ ಚೀಲ, ಮತ್ತು ಪುರೋಹಿತರಾದ ಬಾಲಸುಬ್ರಹ್ಮಣ್ಯ ಭಟ್ಟರು ಇಳಿದರು. ಇನ್ನೊಂದರಿಂದ ಸಿಂಧೂರ, ಅವಳ ಕೈ ಹಿಡಿದುಕೊಂಡು ಅರಸರು. ಎಪ್ಪತ್ತೆಂಟರ ಮುದುಕರು. ಬಿಳೀ ಜುಬ್ಬ, ಪಂಚೆ, ಕಾಲಿಗೆ ಅಳಿಯನ ಸ್ಪೋರ್ಟ್ಸ್ ಶೂ. ಹತ್ತೊಂಬತ್ತನೇ ವಯಸ್ಸಿಗೆ ಹದಿನೇಳು ಹಳ್ಳಿಗೆ ಪಟ್ಟವಾಗಿ, ಇಪ್ಪತ್ತೈದಕ್ಕೆ ಸರ್ಕಾರದ ಒಂದು ಕಾಗದದಲ್ಲಿ ಅರಸುತನ ಹೋಗಿತ್ತು. ಅರಮನೆ ಈಗ ತಾಲ್ಲೂಕು ಕಚೇರಿ. ಆದರೂ ನಿಂತ ನಿಲುವು ಹೋಗಿರಲಿಲ್ಲ. ಕಣ್ಣುಗಳು ಮಾತ್ರ ನಿದ್ದೆಯಿಲ್ಲದೆ ಕೆಂಪಾಗಿದ್ದವು.

ಭಟ್ಟರು ಬಾಳೆಲೆ ಹರಡುವವರೆಗೆ ಅರಸರು ಸುಮುಖನ ಪಕ್ಕ ಬೆಂಚಿನಲ್ಲಿ ಕೂತರು.

"ನಿಮ್ಮ ತಂದೆಯವರು..." ಎಂದು ಅರಸರು ಶುರು ಮಾಡಿದರು.

ಸುಮುಖ "ಇಲ್ಲ ಬುದ್ಧಿ" ಅಂದ. ಅರಸರು ಮುಗುಳ್ನಕ್ಕು, ಇನ್ನಷ್ಟು ಹೊತ್ತು ಸಮುದ್ರ ನೋಡಿ, "...ಏನು ಮಾಡಿಕೊಂಡಿದ್ದರು ಅಂತ ಕೇಳೋಣ ಅಂತಿದ್ದೆವು" ಎಂದು ಮುಗಿಸಿದರು.

ಅವರ ಮಾತೇ ಹಾಗೆ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಕೈಯಲ್ಲಿದ್ದ ಕಾಫಿ ಆರಿಹೋಗುತ್ತಿತ್ತು.

"ಬೇಜಾರು ಮಾಡಿಕೋಬೇಡಿ," ಎಂದರು ಅರಸರು. "ನಾವು ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕ್ತಿರಲಿಲ್ಲ. ದಿವಾನರೂ ಹಾಕ್ತಿರಲಿಲ್ಲ. ಹಾಗಾಗಿ ಅವಸರ ಅನ್ನೋದು... ಕಲೀಲೇ ಇಲ್ಲ. ಇಡೀ ಸಂಸ್ಥಾನದಲ್ಲಿ ನಮ್ಮ ಮಾತು ಅರ್ಧಕ್ಕೇ ತಡೆಯೋ ಧೈರ್ಯ ಇದ್ದದ್ದು ಅವಳೊಬ್ಬಳಿಗೇ. ಐವತ್ತೈದು ವರ್ಷ ತಡೆದಳು. ನಮಗೆ ಇಷ್ಟವಿಲ್ಲದ್ದು, ನಮಗೆ ಒಳ್ಳೇದಲ್ಲದ್ದು ಏನಾದರೂ ಹೇಳೋಕೆ ಹೊರಟರೆ, ಸಾಕು ಸುಮ್ಮನಿರಿ ಅನ್ನೋಳು. ಈಗ ಹತ್ತು ದಿನದಿಂದ ನಾವು ಏನು ಹೇಳಿದರೂ... ಪೂರ್ತಿ ಮುಗಿಯುತ್ತೆ. ಅದನ್ನ ಕೇಳೋಕಾಗ್ತಿಲ್ಲ ನಮಗೆ."

ಮಡಚಿದ ಫಾರಂ ಸುಮುಖನ ಕೈಯಲ್ಲೇ ಇತ್ತು. ಅದೇನೆಂದು ಅರಸರು ಕೇಳಿದರು. ಸುಮುಖ ಹೇಳಿದ. ಆಶ್ರಮ, ವೀರಭದ್ರಪ್ಪನವರು, ಸೋಫಾ, ಖಾಲಿ ಖಾನೆ, ಎಲ್ಲ. ಅರಸರು ಒಂದೇ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಹಾಗೆ ಅವನ ಮಾತನ್ನು ಪೂರ್ತಿ ಕೇಳಿದವರು ಆ ದೇಶದಲ್ಲಿ ಅದುವರೆಗೆ ಯಾರೂ ಇರಲಿಲ್ಲ.

"ಒಂದು ಹೆಸರು ಸಾಕೇ?" ಎಂದು ಕೇಳಿದರು.

"ಸಾಕು ಬುದ್ಧಿ."

ಅರಸರು ಫಾರಂ ಇಸಿದುಕೊಂಡು ಜುಬ್ಬದ ಜೇಬಿಗೆ ಇಟ್ಟುಕೊಂಡರು. "ಇದು ಮುಗಿಯಲಿ. ಅವಳನ್ನೂ ಒಂದು ಮಾತು... ಕೇಳಬೇಕಲ್ಲ" ಅಂದರು.

ಭಟ್ಟರು ಕೂಗಿದರು. ಸುಮುಖ ಸಮುದ್ರದಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ನಡುಗುತ್ತ ಬಂದು ಕೂತ. ಅರಸರು ಅವನ ಕೈಗೆ ದರ್ಭೆ ಕೊಟ್ಟರು. ಭಟ್ಟರು ಟ್ಯಾಬ್ಲೆಟ್ ನೋಡಿಕೊಂಡು ಹತ್ತು ದಿನದ ಮಂತ್ರವನ್ನು ಒಂದೂವರೆ ಗಂಟೆಗೆ ಇಳಿಸಿದ್ದರು.

"ಗೋತ್ರ?"

"ಗೊತ್ತಿಲ್ಲ."

"ಗೊತ್ತಿಲ್ಲದವರಿಗೆಲ್ಲ ಕಾಶ್ಯಪ. ಹೂಂ, ಹೇಳಿ."

ರಾಣಿಯವರ ಹೆಸರು ಅರುಂಧತಿ. ಆ ಹೆಸರು ಹೇಳಿ ಎಳ್ಳುನೀರು ಬಿಡುವಾಗ ಸುಮುಖನಿಗೆ ಏನೋ ಒಂಥರಾ ಆಯಿತು. ಯಾವತ್ತೂ ಯಾರಿಗೂ ಮಗನಾಗದಿದ್ದವನು, ಕಾಣದ ಒಬ್ಬ ಹೆಂಗಸಿಗೆ ಮಗನ ಜಾಗದಲ್ಲಿ ಕೂತಿದ್ದ. ಅದೂ ಅವರು ಹೋದಮೇಲೆ. ಅವನು ಮಂತ್ರವನ್ನು ತಪ್ಪಿಲ್ಲದ ಹಾಗೆ ಹೇಳಲು ಬಹಳ ಕಷ್ಟಪಟ್ಟ.

ಹನ್ನೆರಡಕ್ಕೆ ಪಿಂಡ ಇಟ್ಟಾಯಿತು. ಸುಮುಖನೊಬ್ಬನನ್ನು ಬಿಟ್ಟು ಎಲ್ಲರೂ ದೂರ ಸರಿದು ನಿಂತರು. ಏಕನಾಥ ಎದುರಿನ ಮರದ ತುದಿಯಲ್ಲಿ ಕೂತು ನೋಡುತ್ತಿತ್ತು. ಇಳಿಯಲಿಲ್ಲ. ಬಂದದ್ದು ಒಂದು ಬಿಳೀ ಕಡಲಹಕ್ಕಿ. ದಢದಢ ನಡೆದು ಬಂದು ಪಿಂಡವನ್ನು ಗುಳುಂ ಮಾಡಿ ಹೋಯಿತು.

"ಆಯ್ತಲ್ಲ! ಮುಟ್ತು!" ಅಂದರು ಜಯಮ್ಮ. "ಅಮೆರಿಕದ ಕಾಗೆ ಬೆಳ್ಳಗಿರುತ್ತೆ ಅಂದ್ಕೊಂಡ್ರಾಯ್ತು."

"ಆಗೋದಿಲ್ಲ" ಎಂದು ಭಟ್ಟರು ಬೇಸರದಿಂದ ಇನ್ನೊಂದು ಪಿಂಡ ಕಟ್ಟಿಸಿದರು. "ಕಾಗೆಯೇ ಮುಟ್ಟಬೇಕು. ಬರಲಿಲ್ಲ ಅಂದ್ರೆ ಹೋದವರಿಗೆ ಏನೋ ಆಸೆ ಉಳಿದಿದೆ ಅಂತ ಅರ್ಥ. ನಡೆಸಿಕೊಡ್ತೀವಿ ಅಂತ ಬಾಯಿಬಿಟ್ಟು ಹೇಳಿ ಬುದ್ಧಿ."

ಅರಸರು ಕೈಮುಗಿದು ಮುಂದೆ ಬಂದರು. "ದೇವೀ, ಇನ್ನು ಮೇಲೆ ಕಾಫಿಗೆ... ಸಕ್ಕರೆ ಹಾಕಿಕೊಳ್ಳೋದಿಲ್ಲ."

ಕಾಗೆ ಅಲ್ಲಾಡಲಿಲ್ಲ.

"ನಿನ್ನ ಅಣ್ಣನ ಜೊತೆ ಮಾತಾಡ್ತೀವಿ. ಆ ಕುದುರೆ ವಿಷಯ... ಮರೆತುಬಿಡ್ತೀವಿ." ಕುದುರೆ ಸತ್ತು ಮೂವತ್ತು ವರ್ಷವಾಗಿತ್ತಂತೆ, ಜಗಳ ಮಾತ್ರ ಗಟ್ಟಿಮುಟ್ಟಾಗಿತ್ತು.

ಕಾಗೆ ಒಂದು ಕಾಲು ಬದಲಿಸಿತು. "ಅಲ್ಲಾಡ್ತು, ಅಲ್ಲಾಡ್ತು! ಇನ್ನೊಂಚೂರು ಸೇರಿಸಿ ಬುದ್ಧಿ!" ಎಂದು ಜಯಮ್ಮ ಹುರಿದುಂಬಿಸಿದರು. ಸಿಂಧೂರ ತನ್ನ ಮಗಳಿಗೆ ಕನ್ನಡ ಕಲಿಸುತ್ತೇನೆ ಅಂದಳು. ಜಯಮ್ಮ, ರಾಣಿಯವರಿಂದ ತಂದಿದ್ದ ಇಡ್ಲಿ ಪಾತ್ರೆ ವಾಪಸ್ ಕೊಡುತ್ತೇನೆಂದು ತಾವಾಗಿಯೇ ಒಪ್ಪಿಕೊಂಡರು. ಏಕನಾಥ ರೆಕ್ಕೆ ಕೆರೆದುಕೊಂಡಿತು. ಅಷ್ಟೇ.

ಸುಮುಖನ ಎದುರಿಗೆ ತಾಮ್ರದ ಪಂಚಪಾತ್ರೆ, ಅದರಲ್ಲಿ ಉದ್ಧರಣೆ. ಡಬ್ಬಿ ಮತ್ತು ಚಮಚದ ಹಾಗೆಯೇ. ಮೂರು ಸಲ ಬಡಿದರೆ ಆಯಿತು. ಆದರೆ ಅವನ ಮನಸ್ಸು ಒಪ್ಪಲಿಲ್ಲ. ಹೋದವರ ಹತ್ತಿರ ಮೋಸ ಮಾಡಬಾರದು, ರಾಣಿಯವರೇ ಬರಲಿ ಎಂದು ಕೈಕಟ್ಟಿ ಕೂತ. ಬಿಸಿಲು ಏರಿತು. ಪಂಚೆ ಒಣಗಿತು. ಅರಸರ ಮಂಡಿ ನಡುಗುತ್ತಿತ್ತು, ಆದರೂ ಕುರ್ಚಿ ಬೇಡ ಅಂದರು.

"ನಾಳೆಯೇ ಊರಿಗೆ ಹೊರಡ್ತೀವಿ ದೇವೀ. ಹದಿಮೂರನೇ ದಿನದ್ದು ನಮ್ಮೂರಲ್ಲೇ, ನಿನ್ನ ತುಳಸಿಕಟ್ಟೆ ಮುಂದೇ ಮಾಡ್ತೀವಿ" ಅಂದರು ಅರಸರು. ಸಿಂಧೂರ ಬೆಚ್ಚಿ "ಅಪ್ಪಾಜಿ!" ಅಂದಳು. ಅವಳಿಗೆ ಅಪ್ಪ ಇನ್ನೂ ಆರು ತಿಂಗಳು ಇರಲಿ ಎಂದಿತ್ತು. ಸುಮುಖ ಅರಸರ ಜೇಬಿನಲ್ಲಿದ್ದ ಫಾರಂ ಕಡೆ ನೋಡಿದ. ಆದರೆ ಕಾಗೆ ಅದಕ್ಕೂ ಬರಲಿಲ್ಲ. ಸದ್ಯ, ರಾಣಿಯವರಿಗೆ ಅದು ಬೇಕಾಗಿಲ್ಲ ಎಂದು ಸುಮುಖ ಸಮಾಧಾನ ಮಾಡಿಕೊಂಡ.

ಆಗ ಅರಸರು ತಿರುಗಿ ಸುಮುಖನನ್ನು ನೋಡಿದರು. ಜೇಬಿನ ಮೇಲೆ ಕೈಯಿಟ್ಟುಕೊಂಡರು.

"ದೇವೀ, ನಿನಗೊಂದು ಗಂಡುಮಗು ಬೇಕು ಅಂತ ಬಹಳ ಆಸೆ ಇತ್ತು. ನಾವು ನಗೋರು. ಈ ಹುಡುಗನಿಗೆ ಯಾರೂ ಇಲ್ಲ. ಬೆಳಗಿನಿಂದ ಉಪವಾಸ ಇದ್ದು, ನಿನ್ನ ಹೆಸರನ್ನ... ಎಷ್ಟು ಚೆನ್ನಾಗಿ ಹೇಳಿದ. ಇವನನ್ನ..."

ನಿಲ್ಲಿಸಿದರು. ಸಮುದ್ರ ನೋಡಿದರು.

ಇಪ್ಪತ್ತೇಳು ವರ್ಷದಿಂದ ಸುಮುಖ ಕಾಯುತ್ತಿದ್ದ ಮಾತು ಅರ್ಧ ಬಂದು ನಿಂತಿತ್ತು. ಇದಕ್ಕೂ ಕಾಗೆ ಬರದಿದ್ದರೆ? ಎಲ್ಲದಕ್ಕೂ ಬೇಡ ಅಂದ ಹಾಗೆ ತನ್ನನ್ನೂ ಆ ತಾಯಿ ಬೇಡ ಅಂದುಬಿಟ್ಟರೆ? ಸಕ್ಕರೆ, ಕುದುರೆಗಳ ಸಾಲಿಗೆ ತಾನೂ ಸೇರಿಬಿಟ್ಟರೆ? ಆ ಹೆದರಿಕೆಗೆ ಅವನ ಕೈ ಅವನ ಮಾತು ಕೇಳಲಿಲ್ಲ. ಉದ್ಧರಣೆ ಹಿಡಿದು ಪಂಚಪಾತ್ರೆಗೆ ಬಡಿಯಿತು. ಟಕ್ ಟಕ್ ಟಕ್.

ಏಕನಾಥ ಕಲ್ಲು ಬಿದ್ದ ಹಾಗೆ ಮರದಿಂದ ಇಳಿದು ಬಂತು. ಪಿಂಡಕ್ಕೆ ಕೊಕ್ಕು ಹಾಕಿ, ಒಂದಲ್ಲ, ಎರಡು, ಮೂರು ತುತ್ತು ತಿಂದಿತು.

"ಬಂತು! ಬಂತು!" ಎಂದು ಜಯಮ್ಮ ಅತ್ತೇಬಿಟ್ಟರು. ಸಿಂಧೂರ ಅಪ್ಪನನ್ನು ತಬ್ಬಿಕೊಂಡಳು. ಭಟ್ಟರು ವಾಚು ನೋಡಿಕೊಂಡು "ಸಂಪೂರ್ಣ" ಅಂದರು. ಅರಸರು ಕಣ್ಣು ಮುಚ್ಚಿ ನಿಂತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ತುಟಿಯಲ್ಲಿ ನಗು.

ಸುಮುಖ ಬಟ್ಟೆ ಬದಲಿಸಿಕೊಂಡು ಬೆಂಚಿನ ಹತ್ತಿರ ಬಂದು ಕಾದ. ಅರಸರು ಮಾತು ಮುಗಿಸಲಿ ಎಂದು. ಅವರು ನಿಧಾನವಾಗಿ ನಡೆದುಬಂದು, ಜೇಬಿನಿಂದ ಫಾರಂ ತೆಗೆದು, ಮಡಿಕೆ ಬಿಚ್ಚದೆ ಅವನ ಕೈಗೆ ವಾಪಸ್ ಇಟ್ಟರು.

"ನಿನ್ನನ್ನ ಮಗ ಅಂತ ಒಪ್ಪಿಕೋತೀವಿ ಅನ್ನೋಣ ಅಂತಿದ್ದೆವಪ್ಪ," ಅಂದರು. "ಇಲ್ಲೇ ಇದ್ದು, ಸೋಮವಾರ ನಾವೇ ನಿನ್ನ ಜೊತೆ ಬರ್ತೀವಿ ಅಂತ. ಆದರೆ ನೋಡು, ಅರ್ಧಕ್ಕೇ... ತಡೆದುಬಿಟ್ಟಳು. ಯಾವಾಗಲೂ ತಡೀತಿದ್ದಳಲ್ಲ, ಹಾಗೇ. ಸಾಕು ಸುಮ್ಮನಿರಿ, ಊರಿಗೆ ಬರ್ತೀನಿ ಅಂದಿರಲ್ಲ ಅದೇ ಸಾಕು ಅಂದ ಹಾಗಾಯ್ತು. ಸಿಂಧೂ ಆಗಲೇ ಟಿಕೆಟ್ ನೋಡ್ತಿದಾಳೆ. ತಪ್ಪು ತಿಳ್ಕೋಬೇಡ. ಅವಳು ಬೇಡ ಅಂದಮೇಲೆ ನಾವು ಐವತ್ತೈದು ವರ್ಷದಲ್ಲಿ ಯಾವತ್ತೂ... ಮೀರಿಲ್ಲ."

ಸುಮುಖ ಹೇಳಹೊರಟ. "ಬುದ್ಧಿ, ಆ ಕಾಗೆ..."

"ಅವಳೇ" ಅಂದರು ಅರಸರು. ಜೀವನದಲ್ಲಿ ಮೊದಲ ಸಲ ಅವರೇ ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಿದ್ದರು. "ನಮಗೆ ಹತ್ತು ದಿನದಿಂದ ನಿದ್ದೆ ಇಲ್ಲ ಮಗು. ಎಲ್ಲಿ ಹೋದಳೋ, ನಮ್ಮ ಮಾತು ಕೇಳಿಸುತ್ತೋ ಇಲ್ಲವೋ ಅಂತ. ಕೇಳಿಸ್ತು. ಇವತ್ತು... ಮಲಗ್ತೀವಿ."

ಹೇಳಿಬಿಡಬೇಕು. ಕಾಗೆ ತನ್ನದು, ಬಡಿದದ್ದು ತಾನು. ಹೇಳಿದರೆ ಈ ಮನುಷ್ಯ ಇವತ್ತೂ ಮಲಗುವುದಿಲ್ಲ. ಸುಮುಖ ಆ ಕೆಂಪು ಕಣ್ಣುಗಳನ್ನು ನೋಡಿದ.

"ಹೌದು ಬುದ್ಧಿ. ಅವರೇ" ಅಂದ.

ಅರಸರು ಅವನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು ಕಾರಿನ ಕಡೆ ಹೋದರು.

ಹೋಗಲಿ, ಅಮೋಘನಾದರೂ ಇದ್ದಾನಲ್ಲ ಎಂದು ಸುಮುಖ ಪಾತ್ರೆ ತುಂಬುತ್ತಿದ್ದ ಜಯಮ್ಮನವರ ಹತ್ತಿರ ಓಡಿದ. "ಆಂಟಿ, ಸೋಮವಾರ..."

"ಅಯ್ಯೋ ದೂರ ನಿಂತ್ಕೊಳ್ಳೋ!" ಎಂದು ಜಯಮ್ಮ ಎರಡು ಹೆಜ್ಜೆ ಹಿಂದೆ ಹೋದರು. "ಕರ್ಮಕ್ಕೆ ಕೂತಿದ್ದೀಯ, ಹದಿಮೂರು ದಿನ ಕಳೆಯೋವರೆಗೂ ನಿನಗೆ ಮೈಲಿಗೆ. ಸೋಮವಾರವೇ ಹದಿಮೂರು. ನಮ್ಮ ಅಮೋಘನಿಗೆ ಅಪ್ಪ ಅಮ್ಮ ಇದೀವಿ ಕಣೋ, ನಿನ್ನ ಮುಟ್ಟೋಕೆ ಹೇಗೋ ಕಳಿಸ್ಲಿ? ಬುಧವಾರಕ್ಕೆ ಹಾಕಿಸ್ಕೊ, ಏನಂತೆ! ಆಮೇಲೆ, ಆ ಸೋಫಾ ಮತ್ತೆ ಕೆಳಗೆ ತರಬೇಕು, ಹುಷಾರಾದಮೇಲೆ ಒಂದು ಫೋನ್ ಮಾಡು."

ಕಾರುಗಳು ಹೊರಟವು. ಹಿಂದಿನ ಸೀಟಿನಲ್ಲಿ ಅರಸರು ಆಗಲೇ ಗಾಜಿಗೆ ತಲೆಯೊರಗಿಸಿ ನಿದ್ದೆ ಹೋಗಿದ್ದರು.

ಐದಕ್ಕೆ ಸರಿಯಾಗಿ ಆಸ್ಪತ್ರೆಯ ಫೋನು ಬಂತು. ಹೆಸರು ಯಾವುದು ಎಂದು ಆ ಹೆಣ್ಣುಮಗಳು ಕೇಳಿದಳು. ಯಾರೂ ಇಲ್ಲ ಎಂದ. ಅವಳು ನಿಜವಾಗಿಯೂ ಬೇಸರಪಟ್ಟುಕೊಂಡು, ಇನ್ನು ಅಕ್ಟೋಬರಿನಲ್ಲೇ ಜಾಗ ಇರುವುದು ಅಂದಳು. ಆಗಲಿ ಎಂದು ಫೋನಿಟ್ಟ.

ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ. ಬೆಂಚಿನಲ್ಲಿ ಕೂತು ಚೀಲದಿಂದ ಡಬ್ಬಿ ತೆಗೆದ. ಚಮಚ ಮುಚ್ಚಳಕ್ಕೆ ತಗುಲಿ ಸದ್ದಾಯಿತೋ ಏನೋ, ಏಕನಾಥ ಬಂದು ಬೆಂಚಿನ ಆ ತುದಿಯಲ್ಲಿ ಕೂತಿತು.

"ಅರ್ಧ ನಿಮಿಷ ತಡ್ಕೊಳ್ಳೋಕಾಗ್ಲಿಲ್ವೇನೋ ನಿನಗೆ?" ಎಂದು ಸುಮುಖ ಗದರಿದ.

ಏಕನಾಥ ತಲೆ ವಾರೆ ಮಾಡಿ ಅವನನ್ನೇ ನೋಡಿತು. ಅದು ಕರೆದಾಗ ಬಂದಿತ್ತು, ಅಷ್ಟೇ. ಸುಮುಖ ಕಣ್ಣೊರೆಸಿಕೊಂಡು ಮೊಸರನ್ನದಲ್ಲಿ ಅರ್ಧವನ್ನು ಅದರ ಮುಂದೆ ಇಟ್ಟ.